ಹಚ್ಚಿದವರೇ ತೆಗೆಯಬೇಕಂತೆ

ಶರಣಪ್ಪ ಕಾಕಾ,

ಎಲ್ಲಿದ್ದೀರಿ, ಹೇಗಿದ್ದೀರಿ ಅಂತ ಕೇಳುವ ಧೈರ್ಯ ನನಗಿಲ್ಲ. ನಾನು ಹೇಗಿದ್ದೇನೆ ಅಂತ ಹೇಳಿಬಿಡುತ್ತೇನೆ. ರಾಯಚೂರಿನ ನಮ್ಮ ಅದೇ ಆಫೀಸಿನಲ್ಲಿ, ನಿಮ್ಮದೇ ಮೇಜಿನ ಮುಂದೆ, ಒಂದು ಕಬ್ಬಿಣದ ಗ್ರಿಲ್ಲಿನ ನಕ್ಷೆ ಬರೆಯಲು ಕೂತಿದ್ದೇನೆ. ಮುಂಜಾನೆಯಿಂದ ಒಂದು ಗೆರೆ ಎಳೆದಿಲ್ಲ. ಯಾವ ಗ್ರಿಲ್ಲು ಅಂತೀರಾ? ದೇವದುರ್ಗದಲ್ಲಿ ನಾವಿಬ್ಬರೂ ಸೇರಿ ಕಟ್ಟಿಸಿದ ಸಾಂಸ್ಕೃತಿಕ ಭವನದ ಹೊರಗೆ ಕಟ್ಟೆ ಇದೆಯಲ್ಲ, ನೀವು ಭವನಕ್ಕಿಂತ ಹೆಚ್ಚು ಪ್ರೀತಿಸಿದ ಕಟ್ಟೆ, ಅದನ್ನು ಮುಚ್ಚಿ ಬೀಗ ಹಾಕುವ ಗ್ರಿಲ್ಲು. ನೀವಿದ್ದಿದ್ದರೆ ನನ್ನ ಕೈಯಿಂದ ಪೆನ್ಸಿಲು ಕಸಿದು ಕಿಟಕಿಯಾಚೆ ಒಗೆಯುತ್ತಿದ್ದಿರಿ. ನೀವು ಹೋದಮೇಲೆ ಆ ಕಟ್ಟೆಗೆ ಏನಾಯಿತು ಅಂತ ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಹೇಳದೆ ಇದ್ದರೇ ಒಳ್ಳೆಯದು ಅಂತ ನನಗೂ ಅನಿಸುತ್ತದೆ. ಆದರೆ ನಿಮ್ಮನ್ನು ಬಿಟ್ಟು ಇದನ್ನು ಇನ್ಯಾರ ಮುಂದೆ...

ಆಫೀಸಿಗೆ ಬಂದ ಮೊದಲ ದಿನ ನೀವು ನನ್ನ ಮಾರ್ಕ್ಸ್ ಕಾರ್ಡು ನೋಡಲೇ ಇಲ್ಲ. ಆರ್ಕಿಟೆಕ್ಚರ್ ಓದಿಕೊಂಡು ಬಂದ ಹುಡುಗಿ, ತುಸು ಜಂಬದಲ್ಲೇ ಇದ್ದೆ. ‘ನಿಮ್ಮಪ್ಪಂದು ಮಾನ್ವ್ಯಾಗ ಬಳಿ ಅಂಗಡಿ ಅಲ್ಲೇನವ್ವಾ? ಆ ಅಂಗಡಿ ಕಟ್ಟಿ ಮ್ಯಾಲ ಹೆಣ್ಮಕ್ಕಳು ಹೆಂಗ ಕುಂದ್ರತಾರ?’ ಅಂದಿರಿ. ಇದೆಂಥ ಪ್ರಶ್ನೆ? ಎಲ್ಲರೂ ಕೂತಂತೆ ಕೂರುತ್ತಾರೆ. ‘ಹೋಗಿ ನೋಡ್ಕೊಂಡು ಬಾ’ ಅಂತ ಅಂದೇ ಮಾನ್ವಿ ಬಸ್ಸು ಹತ್ತಿಸಿದಿರಿ. ಮುನಿಸಿಕೊಂಡೇ ಹೋಗಿ ಅಬ್ಬಾನ ಬಳೆ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಿದೆ. ಹುಟ್ಟಿದಾಗಿನಿಂದ ಕಂಡದ್ದನ್ನೇ ಅವತ್ತು ಮೊದಲ ಸಲ ಕಂಡೆ. ಹೆಣ್ಣುಮಕ್ಕಳು ಕಟ್ಟೆಯ ತುದಿಗಷ್ಟೇ ಕೂರುತ್ತಿದ್ದರು. ಒಂದು ಕಾಲು ನೆಲದ ಮೇಲೇ, ಚೀಲ ತೊಡೆಯ ಮೇಲೇ. ಯಾರಾದರೂ ಏಳು ಅಂದರೆ ಆ ಕ್ಷಣವೇ ಎದ್ದು ಹೋಗುವ ಹಾಗೆ.

ಮರುದಿನ ಬಂದು ಅದನ್ನು ಹೇಳಿದಾಗ ನೀವು ಕನ್ನಡಕ ತೆಗೆದು ನನ್ನನ್ನೇ ನೋಡಿದಿರಿ. ‘ಇನ್ನ ನೀ ಕೆಲಸಕ್ಕ ಬರ್ತಿ ನೋಡು’ ಅಂದಿರಿ. ಆಮೇಲೆ ಅಂದದ್ದು ನನಗೆ ಇವತ್ತಿಗೂ ಹಾಗೇ ಕೇಳಿಸುತ್ತದೆ. ‘ನಮ್ಮ ಊರಾಗ ಬಡವ್ರು ಎಲ್ಲಿ ಕುಂತ್ರೂ ಏಳಾಕ ತಯಾರಾಗೇ ಕುಂತಿರ್ತಾರ ರೇಷ್ಮವ್ವಾ. ಅಂಗಡಿಯಾಂವ ಏಳು ಅಂತಾನ, ಪೊಲೀಸ ಏಳು ಅಂತಾನ, ಗುಡಿಯಾಂವ ಏಳು ಅಂತಾನ. ಯಾರೂ ಏಳು ಅನ್ನಲಾರದಂಥದ್ದು ಒಂದು ಜಾಗ ಮಾಡಿ ಸಾಯ್ಬೇಕು ನಾ.’ ಸಾಯುವ ಮಾತನ್ನು ಅಷ್ಟು ಸಸಾರವಾಗಿ ಆಡಬೇಡಿ ಅಂತ ನಾನು ರೇಗಿದ್ದೆ. ನೀವು ನಕ್ಕು ಚಹಾ ತರಿಸಿದಿರಿ.

ಚೀಕಲಪರ್ವಿಗೆ ಕರೆದುಕೊಂಡು ಹೋಗಿದ್ದು ನೆನಪಿದೆಯೇ? ‘ಇವತ್ತ ಪಾಠ ಹೊಳಿ ದಂಡಿ ಮ್ಯಾಲ’ ಅಂತ ಹೊರಡಿಸಿದವರು, ತುಂಗಭದ್ರೆಯ ಮೆಟ್ಟಿಲ ಮೇಲೆ ಟವೆಲ್ ಹಾಸಿ ಗೊರಕೆ ಹೊಡೆದಿರಿ! ಪಾಠ ನಾನೇ ಓದಿಕೊಳ್ಳಬೇಕಾಯಿತು. ನೀವು ಎದ್ದಮೇಲೆ ನಿಮ್ಮ ಮನೆಯಲ್ಲಿ ಕಾಕು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಪಕ್ಕದಲ್ಲಿ ಒಂದೇ ಬಂಡೆಗೆ ಬೆನ್ನು ಕೊಟ್ಟು ಬಾಗಲವಾಡದ ಒಬ್ಬ ರೈತ, ಗುರುತಿಲ್ಲದ ಒಬ್ಬ ಸಾಬರು ಕೂತಿದ್ದರು. ಮೊದಲು ಇಬ್ಬರೂ ಹೊಳೆ ನೋಡುತ್ತಿದ್ದರು. ಆಮೇಲೆ ನೀರಿನ ಮಾತು, ಭತ್ತದ ಮಾತು, ಮಗಳ ಮದುವೆಯ ಮಾತು. ಕೊನೆಗೆ ಸಾಬರು ರೈತನ ಬುತ್ತಿಯಲ್ಲೇ ಕೈ ಇಟ್ಟಿದ್ದರು. ‘ಕಂಡ್ಯಾ? ಬೆನ್ನಿಗೆ ಆಸರಿ ಸಿಕ್ರ ಮನಿಷ್ಯಾ ಬಾಯಿ ಬಿಡ್ತಾನ’ ಅಂದಿರಿ. ಕಾಲೇಜಿನಲ್ಲಿ ಐದು ವರ್ಷ ಸಾರ್ವಜನಿಕ ಜಾಗಗಳ ಬಗ್ಗೆ ಓದಿದ್ದೆ. ಬೆನ್ನಿನ ಮಾತು ಯಾರೂ ಎತ್ತಿರಲಿಲ್ಲ.

ದೇವದುರ್ಗದ ಭವನದ ಕೆಲಸ ಬಂದಾಗ ಊರಿನ ಸಮಿತಿಯವರಿಗೆ ಗುಮ್ಮಟ ಬೇಕಿತ್ತು, ಗಾಜಿನ ಮುಖ ಬೇಕಿತ್ತು, ದೊಡ್ಡ ಕಮಾನು ಬೇಕಿತ್ತು. ನೀವು ಒಂದೊಂದೇ ಬಿಟ್ಟುಕೊಡುತ್ತ ಹೋದಿರಿ. ಕಮಾನು ಬೇಕೇ, ತಗೊಳ್ಳಿ. ಬಣ್ಣ ಗುಲಾಬಿಯೇ, ಆಗಲಿ. ನನಗೆ ಸಿಟ್ಟು ಬಂದಿತ್ತು. ಎಲ್ಲ ಕೊಟ್ಟಮೇಲೆ ಒಂದೇ ಒಂದು ಕೇಳಿದಿರಿ: ಬಸ್‌ಸ್ಟ್ಯಾಂಡಿನ ಕಡೆಯ ಗೋಡೆಗೆ, ಈ ತುದಿಯಿಂದ ಆ ತುದಿಯವರೆಗೆ, ಒಂದು ಕಟ್ಟೆ. ಮೇಲೆ ಮುಂದಕ್ಕೆ ಚಾಚಿದ ಮಾಡು. ಕೆಳಗೆ ಶಹಾಬಾದಿ ಕಲ್ಲು. ಹಿಂದಿನ ಗೋಡೆ ನೆಟ್ಟಗಿರದೆ, ಬೆನ್ನಿಗೆ ಹಿತವಾಗುವಷ್ಟು ಹಿಂದಕ್ಕೆ ವಾಲಿರಬೇಕು. ಸಮಿತಿಯ ಹಿರಿಯರು, ಅಕ್ಕಿ ಗಿರಣಿಯ ವೀರಭದ್ರಪ್ಪನವರು, ‘ಅಲ್ರೀ, ಒಳಗ ಅಷ್ಟು ಕುರ್ಚಿ ಅದಾವ, ಹೊರಗ ಯಾಕ ಕಟ್ಟಿ?’ ಅಂದರು. ‘ಒಳಗ ಕಾರ್ಯಕ್ರಮದ ಕಾರ್ಡ್ ಇದ್ದವ್ರು ಬರ್ತಾರ ಗೌಡ್ರ. ಕಾರ್ಡ್ ಇಲ್ಲದವ್ರು ಎಲ್ಲಿ ಕುಂದ್ರಬೇಕು?’ ಅಂದಿರಿ. ಕಟ್ಟೆ ನಕ್ಷೆಯಲ್ಲಿ ಉಳಿಯಿತು.

ಭವನ ತೆರೆದ ಹೊಸತರಲ್ಲಿ ನಾವು ವಾರಕ್ಕೊಮ್ಮೆ ಏನಾದರೊಂದು ನೆಪ ಮಾಡಿ ದೇವದುರ್ಗದ ಬಸ್ಸು ಹತ್ತುತ್ತಿದ್ದೆವು. ನಿಜ ಹೇಳಿ, ನಾವು ಹೋಗುತ್ತಿದ್ದದ್ದು ಜನ ಕೂತದ್ದನ್ನು ನೋಡಲು ಅಲ್ಲವೇ? ಬೆಂಗಳೂರಿಗೆ ಗುಳೆ ಹೊರಟವರು ಗಂಟುಮೂಟೆ, ಮಕ್ಕಳು, ಬುಟ್ಟಿಯಲ್ಲಿ ಒಂದು ಕೋಳಿ ಸಮೇತ ಬಸ್ಸಿನ ದಾರಿ ಕಾಯುತ್ತ ಕಾಲು ಚಾಚಿಕೊಂಡಿರುತ್ತಿದ್ದರು. ಕಾಲೇಜು ಹುಡುಗಿಯರು ಗೋಡೆಗೆ ಒರಗಿ ಒಬ್ಬರ ಫೋನಿನಲ್ಲಿ ಎಲ್ಲರೂ ಇಣುಕುತ್ತಿದ್ದರು. ಒಬ್ಬ ಬಾಣಂತಿ ಸೆರಗು ಮುಚ್ಚಿಕೊಂಡು ಕೂಸಿಗೆ ಹಾಲು ಕೊಡುತ್ತಿದ್ದಳು, ಅವಳ ಪಕ್ಕದಲ್ಲಿ ಬುರ್ಖಾದ ಮುದುಕಿ ಆ ಕೂಸಿನ ಪಾದ ಹಿಡಿದುಕೊಂಡಿದ್ದಳು. ತುದಿಯಲ್ಲಿ ಮಂಡಾಳು ಒಗ್ಗರಣಿ, ಮಿರ್ಚಿ, ಮೊಟ್ಟೆ ಬಜ್ಜಿ ಮಾರುವ ಈರಮ್ಮ. ಒಬ್ಬರ ಕಾಲೂ ನೆಲದ ಮೇಲಿರಲಿಲ್ಲ ಕಾಕಾ. ನೀವು ರಸ್ತೆಯ ಈಚೆ ನಿಂತು ನೋಡಿ ನೋಡಿ ಕಣ್ಣೊರೆಸಿಕೊಂಡಿರಿ. ಧೂಳು ಬಿತ್ತು ಅಂತ ಸುಳ್ಳು ಬೇರೆ ಹೇಳಿದಿರಿ.

ಆ ಗೋಡೆ ಕೆಂಪಾದದ್ದು ನಿಮ್ಮ ಜೀವ ಹಿಂಡಿತು. ಜನ ಹಾಯಾಗಿ ಕೂತರೆ ಹಾಯಾಗಿ ಉಗುಳುತ್ತಾರೆ ಅನ್ನುವುದೊಂದನ್ನು ನಾವು ನಕ್ಷೆಯಲ್ಲಿ ಮರೆತಿದ್ದೆವು! ಎಲೆ ಅಡಿಕೆ, ಗುಟಕಾ. ವಾಚಮನ್ ಹುಸೇನಪ್ಪ ‘ಇಲ್ಲಿ ಉಗುಳಬಾರದು’ ಅಂತ ಬರೆಸಿದ, ಆ ಅಕ್ಷರಗಳ ಮೇಲೇ ಉಗುಳಿದರು. ಬೈದು ನೋಡಿದ, ತೊಳೆದು ನೋಡಿದ. ‘ಸಾಹೇಬ್ರ, ನನಗ ಅಂಜಂಗಿಲ್ಲ ಈ ಮಂದಿ. ದೇವ್ರಿಗೆ ಅಂಜಬೇಕಷ್ಟ’ ಅಂದ. ನೀವು ಮರುದಿನವೇ ರಾಯಚೂರಿನ ಪೇಟೆಗೆ ಹೋಗಿ ದೇವರ ಚಿತ್ರದ ಟೈಲ್ಸ್ ತಂದಿರಿ. ಶಿವ ಪಾರ್ವತಿ, ಹನುಮಪ್ಪ, ಎಲ್ಲಮ್ಮ, ಕಾಬಾ, ಏಸು, ಬುದ್ಧ. ‘ಯಾರ್ನೂ ಬಿಟ್ಟಿಲ್ಲ ನೋಡು’ ಅಂತ ಮಕ್ಕಳ ಹಾಗೆ ಒಂದೊಂದೇ ತೆಗೆದು ತೋರಿಸಿದಿರಿ. ಗೌಂಡಿ ಬೇಡ ಅಂತ ನೀವೇ ಸಿಮೆಂಟು ಕಲಸಿ, ನೀವೇ ಸಾಲಾಗಿ ಹಚ್ಚಿದಿರಿ. ಊರವರು ಚಪ್ಪಾಳೆ ಹೊಡೆದರು. ಗೋಡೆ ತೊಳೆದ ಹಾಗೆ ಸ್ವಚ್ಛವಾಯಿತು. ‘ಇನ್ನ ಯಾವ ಮಗಾನೂ ಉಗುಳಂಗಿಲ್ಲ!’ ಅಂತ ನೀವು ಬೀಗಿದಿರಿ. ನಮ್ಮ ಕಡೆ ಯಾವ ಊರಲ್ಲಿ, ಯಾವ ಮೆಟ್ಟಿಲ ಜಿನೆಯ ಮೂಲೆಯಲ್ಲಿ ಹೀಗೆ ಮಾಡಿಲ್ಲ ಹೇಳಿ? ಆದರೆ ಆ ಜಿನೆಯ ಮೂಲೆಗಳಲ್ಲಿ ಯಾರೂ ಬೆನ್ನು ಕೊಟ್ಟು ಕೂರುವುದಿಲ್ಲ ಅನ್ನುವುದು...

ನಿಮ್ಮ ಎದೆಬಡಿತ ನಿಂತ ಸುದ್ದಿ ಬಂದಾಗ ನಾನು ಈ ಮೇಜಿನ ಮೇಲೆ ಮಾನ್ವಿಯ ಒಂದು ಗ್ರಂಥಾಲಯದ ಮಾಡಿನ ಲೆಕ್ಕ ಹಾಕುತ್ತಿದ್ದೆ. ಟೈಲ್ಸಿನ ಸಿಮೆಂಟು ಪೂರ್ತಿ ಗಟ್ಟಿಯಾಗಿರಲಿಲ್ಲ ಅಂದರೂ ತಪ್ಪಲ್ಲ, ಅಷ್ಟು ಬೇಗ ಹೋಗಿಬಿಟ್ಟಿರಿ. ಮಣ್ಣಿಗೆ ಬಂದವರಲ್ಲಿ ಕಟ್ಟೆಯ ಮಾತಾಡದವರೇ ಇಲ್ಲ. ವೀರಭದ್ರಪ್ಪನವರು, ‘ಅಂದಂಗ ಮಾಡಿ ಹೋದ್ರು ನೋಡವ್ವಾ’ ಅಂದರು. ನಾನೂ ಹಾಗೇ ಅಂದುಕೊಂಡು ಅತ್ತೆ. ಅದಾದಮೇಲೆ ತಿಂಗಳಾನುಗಟ್ಟಲೆ ದೇವದುರ್ಗದ ಬಸ್ಸು ಹತ್ತುವುದು ನನ್ನಿಂದಾಗಲಿಲ್ಲ.

ಹತ್ತಿದ ದಿನ ಮೊದಲು ಕಂಡದ್ದು ಬೆನ್ನುಗಳು. ಕಟ್ಟೆಯ ಮೇಲೆ ಜನರಿದ್ದರು, ಆದರೆ ಎಲ್ಲರೂ ಮುಂದಕ್ಕೆ ಬಾಗಿ ಕೂತಿದ್ದರು. ದೇವರಿಗೆ ಬೆನ್ನು ಹಚ್ಚುವುದು ಹೇಗೆ ಹೇಳಿ? ತಲೆಯ ಎಣ್ಣೆ ಹತ್ತಿದರೆ? ಕೆಳಗೆ ಚಪ್ಪಲಿಗಳ ಸಾಲು. ಶಿವನ ಹಣೆಗೆ ಯಾರೋ ವಿಭೂತಿ ಹಚ್ಚಿದ್ದರು, ಎಲ್ಲಮ್ಮನಿಗೆ ಅರಿಸಿನ, ಊದಿನಕಡ್ಡಿ ಸಿಕ್ಕಿಸಲು ಒಂದು ಬಾಳೆಹಣ್ಣು. ಈರಮ್ಮನಿಗೆ ಮೊಟ್ಟೆ ಬಜ್ಜಿ ಬೇಡ ಅಂದರಂತೆ, ಆಮೇಲೆ ಉಳ್ಳಾಗಡ್ಡಿ ವಾಸನೆಯೂ ಬೇಡ ಅಂದರಂತೆ, ಆಕೆ ಬುಟ್ಟಿ ಎತ್ತಿಕೊಂಡು ಹೋದಳು. ಗುಳೆ ಹೊರಟವರು ಕೋಳಿಬುಟ್ಟಿ ಇಟ್ಟುಕೊಂಡು ರಸ್ತೆಯ ಬದಿ ಬಿಸಿಲಲ್ಲಿದ್ದರು. ಕಟ್ಟೆಯಲ್ಲಿ ಅಷ್ಟು ನೆರಳಿದೆ, ಹೋಗಿ ಕೂತುಕೊಳ್ಳಿ ಅಂದೆ. ಒಬ್ಬಾಕೆ ನನ್ನನ್ನೇ ಗದರಿದಳು: ‘ಮುಟ್ಟಾಗೀನಬೇ, ದೇವ್ರ ಮುಂದ ಹೆಂಗ ಕುಂದ್ರಲಿ?’

ಇನ್ನೊಂದು ಸಲ ಹೋದಾಗ ಅದಕ್ಕಿಂತ ಬೇಸರವಾಗುವುದನ್ನು ಕಂಡೆ. ಜನ ತಂತಮ್ಮ ದೇವರ ಕೆಳಗೆ ಕೂರತೊಡಗಿದ್ದರು. ನಮ್ಮವರೆಲ್ಲ ಕಾಬಾದ ಹತ್ತಿರ, ನಿಮ್ಮವರು ಶಿವನ ಹತ್ತಿರ, ಏಸುವಿನ ಕೆಳಗೆ ಚರ್ಚಿನವರು, ಬುದ್ಧನ ಕೆಳಗೆ ದಲಿತರ ಓಣಿಯವರು. ಯಾರೂ ಯಾರಿಗೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಗೋಡೆಯ ಮೇಲೆ ಬರೆದಿಟ್ಟ ಹಾಗಿತ್ತು, ಜನ ಪಾಲಿಸಿದರು. ಬಾಣಂತಿ ಮತ್ತು ಮುದುಕಿ ಈಗ ಬಂದರೆ ಒಬ್ಬರು ಈ ತುದಿ, ಒಬ್ಬರು ಆ ತುದಿ. ಆಮೇಲೆ ಒಂದು ಸೋಮವಾರ ಯಾರೋ ಶಿವನಿಗೆ ಕೊಡ ನೀರು ಹಾಕಿದರು, ನೀರು ಹರಿದು ಪಕ್ಕದವರ ಬಟ್ಟೆ ಒದ್ದೆಯಾಯಿತು. ಬಟ್ಟೆ ಒದ್ದೆಯಾದದ್ದಕ್ಕೆ ಜಗಳ, ಅಷ್ಟೇ. ಆದರೆ ಯಾರ ದೇವರ ನೀರು ಯಾರ ಮೇಲೆ ಅಂತ ಮಾತು ಬೆಳೆಯಿತು. ಪೊಲೀಸರು ಬಂದು, ಯಾವುದೂ ಬೇಡ ಅಂತ, ಕಟ್ಟೆಯ ಮುಂದೆ ಹಗ್ಗ ಕಟ್ಟಿ ಹೋದರು. ಏಳು ಅಂದರು ಕಾಕಾ. ನಿಮ್ಮ ಕಟ್ಟೆಯ ಮೇಲಿನವರನ್ನ.

ಸಮಿತಿಯ ಸಭೆಗೆ ನನ್ನನ್ನೂ ಕರೆದಿದ್ದರು. ಟೈಲ್ಸ್ ತೆಗೆದುಬಿಡೋಣ, ಗೋಡೆ ಮತ್ತೆ ಬರೀ ಗೋಡೆ ಆಗಲಿ ಅಂದೆ. ಎಲ್ಲರೂ ನನ್ನತ್ತ ತಿರುಗಿದರು. ನಾನು ಯಾರು ಅನ್ನುವುದು ಅಲ್ಲಿದ್ದ ಎಲ್ಲರಿಗೂ ಒಮ್ಮೆಗೇ ನೆನಪಾದ ಹಾಗೆ. ಯಾರೂ ಕೆಟ್ಟ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಬೇಕಾದರೆ ಕಾಬಾದ್ದೇ ಮೊದಲು ತೆಗೆಯಿರಿ ಅಂದೆ. ನಮ್ಮ ಜಮಾತಿನ ಹಿರಿಯರು, ‘ನಮ್ದೇ ಯಾಕವ್ವಾ ಮೊದ್ಲ?’ ಅಂದರು. ಶಿವನದು ಮೊದಲು ಅಂದರೆ ಆ ಕಡೆಯವರೂ ಅದನ್ನೇ ಅಂದರು. ಎಲ್ಲ ಒಟ್ಟಿಗೇ ತೆಗೆಯೋಣ ಅಂದರೆ, ತೆಗೆಯುವ ಕೈ ಒಂದೇ ಅಲ್ಲವೇ, ಅದು ಯಾರ ಕೈ? ಬೇರೆ ಕಡೆ ಒಂದು ಗೂಡು ಕಟ್ಟಿ ಇಡೋಣ ಅಂದೆ, ಇಡಬೇಕಾದರೂ ಮೊದಲು ಕೀಳಬೇಕಲ್ಲ ಅಂದರು. ಪರದೆ ಬಿಡೋಣ ಅಂದದ್ದಕ್ಕೆ, ದೇವರ ಮುಖಕ್ಕೆ ಬಟ್ಟೆಯೇ ಅಂದರು. ಎಲ್ಲರ ಮಾತೂ ಸರಿ. ಅದೇ ನನ್ನನ್ನು ಕೊಂದದ್ದು. ಜಗಳ ಮಾಡಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ...

ಕೊನೆಗೆ ವೀರಭದ್ರಪ್ಪನವರು ಒಂದು ಮಾತು ಹೇಳಿದರು. ‘ಹಚ್ಚಿದವ್ರೇ ತೆಗೀಬೇಕವ್ವಾ. ಅವ್ರು ಭಕ್ತಿಲೆ ಹಚ್ಯಾರೋ, ಉಗುಳಬಾರದಂತ ಹಚ್ಯಾರೋ, ಅವ್ರಿಗೊಬ್ಬರಿಗೇ ಗೊತ್ತು. ಅವ್ರು ತೆಗದ್ರ ಯಾರೂ ಏನೂ ಅನ್ನಂಗಿಲ್ಲ. ಶರಣಪ್ಪನವ್ರನ್ನ ಎಲ್ಲಿಂದರ ಕರಕೊಂಡು ಬಾ.’ ಹೇಳಿದವರೇ ತಲೆ ಕೆಳಗೆ ಹಾಕಿದರು. ಸಭೆಯಲ್ಲಿ ಎಲ್ಲರೂ ಹೌದು ಹೌದು ಅಂದರು. ಇಡೀ ಊರು ಒಪ್ಪಿದ ಒಂದೇ ಪರಿಹಾರ ಅದು. ಎಲ್ಲಿಂದ ತರಲಿ ಕಾಕಾ ನಿಮ್ಮನ್ನ? ಮಾನ್ವಿಗೆ ಹೋಗಿ ಅಮ್ಮಿಯ ಮುಂದೆ ಅತ್ತುಕೊಂಡೆ. ಅಮ್ಮಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ‘ಉಸ್ಕು ಕೌನ್ ಹಾತ್ ಲಗಾತೆ?’ ಅಂದಳು. ಅದಕ್ಕೆ ಕೈ ಹಚ್ಚುವವರು ಯಾರು ಅಂತ. ಇನ್ನೊಬ್ಬರು ಬೇರೆ ಏನಾದರೂ ಹೇಳಿಯಾರು ಅಂತ ಕಾದೆ. ಯಾರೂ ಹೇಳಲಿಲ್ಲ.

ಹುಸೇನಪ್ಪನೇ ಫೋನ್ ಮಾಡಿ ದಾರಿ ತೋರಿಸಿದ: ‘ಹಚ್ಚಿದವ್ರಿಲ್ಲಾಂದ್ರ ಅವ್ರ ಮನಿಯವ್ರು ತೆಗದ್ರೂ ನಡೀತದ ಅಂತ ಹಿರಿಯರು ಅಂದ್ರು ಮೇಡಮ್ಮೋರ.’ ಮನೆಯವರು ಅಂದರೆ ಕಾಕು ಒಬ್ಬರೇ. ನಾನು ಹೋಗಿ ಕೇಳಿದಾಗ ಕಾಕು ಒಲೆಯ ಮುಂದಿದ್ದರು. ಹಿಂದು ಮುಂದು ನೋಡದೆ ‘ಬರ್ತೀನಿ ತಗೋ. ಅವ್ರು ಮಾಡಿದ್ದ ಕೆಟ್ಟ ಹೊಂಟ್ರ ನಾ ಸುಮ್ನ ಕುಂದ್ರಲೇನು?’ ಅಂದರು. ನನಗೆ ಎಷ್ಟು ಹಗುರವಾಯಿತು ಅಂದರೆ ಅಲ್ಲೇ ಎರಡು ರೊಟ್ಟಿ ತಿಂದೆ. ಟೈಲ್ಸನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಕೃಷ್ಣೆಗೆ ಬಿಡುವುದು, ಕಾಬಾದ್ದನ್ನು ನಮ್ಮ ಹಿರಿಯರು ಮಸೀದಿಗೆ ಒಯ್ಯುವುದು, ಏಸುವನ್ನು ಪಾದ್ರಿಗಳಿಗೆ, ಬುದ್ಧನನ್ನು ಆ ಓಣಿಯ ಹುಡುಗರಿಗೆ ಕೊಡುವುದು ಅಂತ ಎಲ್ಲ ಮಾತಾಯಿತು. ಮತ್ತೆ ಒಂದು ಕೆಲಸ ಆಗುವ ಹಾಗಿದೆ ಅಂತ ಎಷ್ಟೋ ದಿನದ ಮೇಲೆ ನಿದ್ದೆ ಹತ್ತಿತು.

ಹೋದ ವಾರ ಕಾಕು ಬಂದರು. ಅವರು ಭವನ ನೋಡಿದ್ದು ಅದೇ ಮೊದಲು, ನೀವು ಕರೆದಾಗೆಲ್ಲ ಮಂಡಿನೋವು ಅಂತ ತಪ್ಪಿಸಿಕೊಂಡಿದ್ದರಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಮ್ಮನ್ನು ಬೈದುಕೊಂಡೇ ಬಂದರು, ಲವಲವಿಕೆಯಿಂದಲೇ ಇದ್ದರು. ಊರು ನೆರೆದಿತ್ತು. ಹಗ್ಗ ಬಿಚ್ಚಿದರು. ಗೌಂಡಿ ಉಳಿ, ಸುತ್ತಿಗೆ ತೊಳೆದು ತಂದಿದ್ದ. ಕಾಕು ಮೊದಲ ಏಟು ಹಾಕಿದರೆ ಸಾಕು, ಉಳಿದದ್ದನ್ನು ಅವನು ನೋಡಿಕೊಳ್ಳುತ್ತಿದ್ದ. ಕಾಕು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಶಿವನಿಂದ ಶುರುಮಾಡಿ ಒಂದೊಂದಕ್ಕೂ ಕೈಮುಗಿಯುತ್ತ ಸಾಗಿದರು. ಕಾಬಾಕ್ಕೂ ಮುಗಿದರು. ಹನುಮಪ್ಪನ ಮುಂದೆ ಮಾತ್ರ ನಿಂತುಬಿಟ್ಟರು. ಅದು ಸೊಟ್ಟಗಿದೆ ಕಾಕಾ, ನಿಮಗೆ ಗೊತ್ತಿತ್ತೇ? ನಕ್ಷೆಯಲ್ಲಿ ಕೂದಲಷ್ಟು ತಪ್ಪದವರು, ಕೈಯಾರೆ ಹಚ್ಚಿದ್ದು ಸೊಟ್ಟ. ಕಾಕು ನಗುತ್ತಲೇ ಅಂದರು, ‘ಮನ್ಯಾಗ ಒಂದು ಕ್ಯಾಲೆಂಡರ್ ಸೈತ ನೆಟ್ಟಗ ಹಾಕ್ಲಿಲ್ಲ ನೋಡು ಈ ಮನಿಷ್ಯಾ.’ ನಗು ಮುಗಿಯುವ ಮೊದಲೇ ಅದು ಬೇರೆ ಏನೋ ಆಯಿತು. ಸೆರಗಿನಿಂದ ಟೈಲ್ಸಿನ ಧೂಳು ಒರೆಸಿದರು. ಅಂಚಿನ ಸಿಮೆಂಟಿನ ಮೇಲೆ ಬೆರಳಾಡಿಸಿದರು. ಗೌಂಡಿ ಚಾಚಿದ ಉಳಿಯನ್ನು ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ‘ಇದು ಅವ್ರ ಕೈಲೆ ಆದದ್ದು. ನನ್ನ ಕೈಲೆ ಆಗಂಗಿಲ್ಲ ಯವ್ವಾ.’

ವೀರಭದ್ರಪ್ಪನವರೇ ಕಣ್ಣು ಒದ್ದೆ ಮಾಡಿಕೊಂಡು, ಇನ್ನು ಹಗ್ಗ ಸಾಲದು, ಕಟ್ಟೆಗೆ ಗ್ರಿಲ್ಲೇ ಆಗಲಿ, ನಕ್ಷೆ ನೀನೇ ಕಳಿಸವ್ವಾ ಅಂದರು. ನಾನು ಬರೆಯದಿದ್ದರೆ ಇನ್ಯಾರೋ ಮೇಲೆ ಚೂಪು ಭರ್ಚಿ ಇಟ್ಟು ಬರೆಯುತ್ತಾರೆ. ಅದಕ್ಕೇ ಬರೆಯುತ್ತೇನೆ. ಬೈಯಬೇಡಿ.

ಆದರೆ ನಿಮಗೆ ತಲುಪಿಸಬೇಕಾದ ಸುದ್ದಿ ಗ್ರಿಲ್ಲಿನದಲ್ಲ. ಜನ ಚೆದುರಿದರು, ಹುಸೇನಪ್ಪ ಮತ್ತೆ ಹಗ್ಗ ಕಟ್ಟಿದ, ರಾಯಚೂರಿನ ಬಸ್ಸು ತಡವಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಕಟ್ಟೆ ಈ ತುದಿಯಿಂದ ಆ ತುದಿಯವರೆಗೆ ನೆರಳಲ್ಲಿ ತಂಪಾಗಿ ಖಾಲಿ ಬಿದ್ದಿತ್ತು. ಅದರ ಮುಂದೆಯೇ ನಿಂತು ಕಾಕು ನನ್ನ ಹೆಗಲು ಹಿಡಿದುಕೊಂಡರು. ‘ಮಂಡಿ ಭಾಳ ನೋಯಾಕತ್ಯಾವ ರೇಷ್ಮವ್ವಾ’ ಅಂದರು. ‘ಇಲ್ಲಿ ಎಲ್ಯರ ಕುಂದ್ರಾಕ ಜಾಗ ಅದ ಏನು?’

ನಾನು ರಸ್ತೆ ದಾಟಿ ಚಹಾದ ಅಂಗಡಿಯವನ ಹತ್ತಿರ ಒಂದು ಪ್ಲಾಸ್ಟಿಕ್ ಸ್ಟೂಲು ಬೇಡಿ ತಂದು, ಬಿಸಿಲಿನಲ್ಲಿ ಹಾಕಿ ಕೂರಿಸಿದೆ.

ನಿಮ್ಮ
ರೇಷ್ಮಾ